ಬೈಕ್ ಚೈನ್: ಸವೆತ ಎಲ್ಲಿ ಆಗುತ್ತದೆ, ಗುರುತಿಸುವುದು ಹೇಗೆ, ಆರೈಕೆ ಏನು

ಸಡಿಲವಾದ ಚೈನನ್ನು ಬಿಗಿ ಮಾಡಿಸಿದರೆ ಚೈನ್ ಸರಿಹೋಯಿತು ಎಂದು ಬಹಳ ಜನ ನಂಬಿರುತ್ತಾರೆ. ಬಿಗಿ ಮಾಡಿದಾಗ ಆಗುವುದು ಇಷ್ಟೇ: ಹಿಂದಿನ ಚಕ್ರ ಒಂದಿಷ್ಟು ಹಿಂದಕ್ಕೆ ಸರಿಯುತ್ತದೆ, ಜೋತುಬಿದ್ದ ಚೈನ್ ಮೇಲೆ ಎತ್ತಿಕೊಳ್ಳುತ್ತದೆ. ಸಡಿಲಕ್ಕೆ ಕಾರಣವಾದ ಸವೆತ ಚೈನಿನ ಒಳಗೆ ಹಾಗೇ ಉಳಿದಿರುತ್ತದೆ. ಆ ಸವೆತ ಎಲ್ಲಿ ಆಗುತ್ತದೆ ಎಂಬುದು ಒಮ್ಮೆ ಅರ್ಥವಾದರೆ ಎಣ್ಣೆ ಎಲ್ಲಿಗೆ ಬಿಡಬೇಕು, ಎಷ್ಟು ಬಿಗಿ ಮಾಡಬೇಕು, ಯಾವಾಗ ಬದಲಿಸಬೇಕು ಎಂಬ ಪ್ರಶ್ನೆಗಳಿಗೆಲ್ಲ ಉತ್ತರ ಅಲ್ಲೇ ಸಿಗುತ್ತದೆ.

ಚೈನಿನ ಒಳಗಡೆ

ಬೈಕುಗಳಲ್ಲಿರುವುದು ರೋಲರ್ ಚೈನ್. ಸ್ವಿಟ್ಜರ್ಲೆಂಡ್ ಮೂಲದ ಎಂಜಿನಿಯರ್ ಹ್ಯಾನ್ಸ್ ರೆನಾಲ್ಡ್ ಇಂಗ್ಲೆಂಡಿನಲ್ಲಿ ಇದಕ್ಕೆ ಪೇಟೆಂಟ್ ಪಡೆದದ್ದು 1880ರಲ್ಲಿ. ಮೂಲ ರಚನೆ ಇವತ್ತಿಗೂ ಅದೇ. ಎರಡು ಒಳಪ್ಲೇಟುಗಳಿಗೆ ಎರಡು ಬುಷ್‌ಗಳನ್ನು (ಪುಟ್ಟ ಕೊಳವೆಗಳನ್ನು) ಒತ್ತಿ ಕೂರಿಸಿರುತ್ತಾರೆ. ಬುಷ್‌ನ ಹೊರಗೆ ರೋಲರ್ ಸುತ್ತುತ್ತದೆ, ಒಳಗೆ ಪಿನ್ ಹಾದುಹೋಗುತ್ತದೆ. ಪಿನ್ನಿನ ತುದಿಗಳು ಹೊರಪ್ಲೇಟುಗಳಲ್ಲಿ ಬಿಗಿಯಾಗಿ ಕೂತಿರುತ್ತವೆ. ಹಾಗಾಗಿ ಚೈನ್ ಬಾಗುವಾಗ ಲೋಹಕ್ಕೆ ಲೋಹ ಉಜ್ಜುವ ಮುಖ್ಯ ಜಾಗ ಪಿನ್ನಿಗೂ ಬುಷ್‌ಗೂ ನಡುವಿನದು. ಅದು ಹೊರಗಿನಿಂದ ಕಣ್ಣಿಗೆ ಕಾಣುವುದೇ ಇಲ್ಲ.

ಆ ಜಾಗದ ಮೇಲೆ ಬೀಳುವ ಕೆಲಸವನ್ನು ಲೆಕ್ಕ ಹಾಕಿ ನೋಡಬಹುದು. ಮುಂದಿನ ಸ್ಪ್ರಾಕೆಟ್‌ಗೆ (ಚೈನ್ ಸುತ್ತುವ ಹಲ್ಲಿನ ಚಕ್ರಕ್ಕೆ) 15 ಹಲ್ಲು, ಹಿಂದಿನದಕ್ಕೆ 45 ಹಲ್ಲು, 112 ಲಿಂಕಿನ 428 ಚೈನ್ (ಈ ಅಂಕಿಯ ಅರ್ಥ ಮುಂದೆ ಬರುತ್ತದೆ) ಇರುವ ಬೈಕ್ ಗಂಟೆಗೆ 60 ಕಿ.ಮೀ. ವೇಗದಲ್ಲಿ ಹೋಗುತ್ತಿದೆ ಎಂದುಕೊಳ್ಳಿ. ಚೈನ್ ಒಂದು ಸೆಕೆಂಡಿಗೆ ಮೂರೂವರೆ ಬಾರಿಯಷ್ಟು ಪೂರ್ತಿ ಸುತ್ತು ಹಾಕುತ್ತದೆ. ಒಂದು ಸುತ್ತಿನಲ್ಲಿ ಪ್ರತಿ ಕೀಲು, ಅಂದರೆ ಪಿನ್ನೂ ಬುಷ್ಷೂ ಕೂಡುವ ಜಾಗ, ನಾಲ್ಕು ಸಲ ಬಾಗುತ್ತದೆ: ಎರಡೂ ಸ್ಪ್ರಾಕೆಟ್‌ಗಳಿಗೆ ಹತ್ತುವಾಗ, ಎರಡರಿಂದಲೂ ಇಳಿಯುವಾಗ. ಅಂದರೆ ಸೆಕೆಂಡಿಗೆ ಸುಮಾರು 14 ಸಲ, ಗಂಟೆಗೆ ಸುಮಾರು 50,000 ಸಲ. ಮುಂದಿನ ಸ್ಪ್ರಾಕೆಟ್‌ನಲ್ಲಿ ಪ್ರತಿ ಬಾರಿ 24 ಡಿಗ್ರಿ ಬಾಗಿದರೆ ಹಿಂದಿನದರಲ್ಲಿ ಬಾಗುವುದು 8 ಡಿಗ್ರಿ ಮಾತ್ರ. ಚೈನ್ ಎಳೆತದಲ್ಲಿರುವುದು ಮೇಲ್ಭಾಗದಲ್ಲಿ, ಆದ್ದರಿಂದ ಮುಂದಿನ ಸ್ಪ್ರಾಕೆಟ್‌ಗೆ ಹತ್ತುವ ಕ್ಷಣದಲ್ಲಿ ಪೂರ್ತಿ ಭಾರ ಹೊತ್ತುಕೊಂಡೇ ಕೀಲು ಆ 24 ಡಿಗ್ರಿ ತಿರುಗಬೇಕು. ಎಂಜಿನ್ ಕೊಡುವುದು ಬರೀ 12 ನ್ಯೂಟನ್-ಮೀಟರ್ ಟಾರ್ಕ್ (ತಿರುಗಿಸುವ ಬಲ) ಆದರೂ ಮೊದಲ ಗೇರಿನಲ್ಲಿ ಅದು ಒಂಬತ್ತು ಪಟ್ಟು ಹೆಚ್ಚಿ ಮುಂದಿನ ಸ್ಪ್ರಾಕೆಟ್‌ಗೆ ಬಂದರೆ ಚೈನಿನ ಮೇಲಿನ ಎಳೆತ ಸುಮಾರು 3,500 ನ್ಯೂಟನ್, ಅಂದರೆ 350 ಕೆ.ಜಿ. ತೂಕವನ್ನು ನೇತುಹಾಕಿದಷ್ಟು.

ಚೈನಿನ ಮೇಲಿರುವ ಅಂಕಿಗಳನ್ನು ಓದುವುದು ಸುಲಭ. ಮೊದಲ ಅಂಕಿ ಒಂದು ಪಿನ್ನಿನಿಂದ ಮುಂದಿನ ಪಿನ್ನಿಗಿರುವ ದೂರ, ಅಂದರೆ ಪಿಚ್. ಇಂಚಿನ ಎಂಟನೇ ಒಂದು ಭಾಗದ ಲೆಕ್ಕದಲ್ಲಿ. 4 ಎಂದರೆ ಅರ್ಧ ಇಂಚು, 12.7 ಮಿ.ಮೀ.; 5 ಎಂದರೆ 15.875 ಮಿ.ಮೀ. ಉಳಿದ ಎರಡು ಅಂಕಿಗಳು ಒಳಪ್ಲೇಟುಗಳ ನಡುವಿನ ಅಗಲವನ್ನು ಸೂಚಿಸುತ್ತವೆ: 520ಕ್ಕೆ 6.35 ಮಿ.ಮೀ., 525ಕ್ಕೂ 428ಕ್ಕೂ 7.94 ಮಿ.ಮೀ., 530ಕ್ಕೆ 9.53 ಮಿ.ಮೀ. ಕೊನೆಗೆ 112 ಎಂದೋ 118 ಎಂದೋ ಇದ್ದರೆ ಅದು ಲಿಂಕುಗಳ ಸಂಖ್ಯೆ.

ಓ-ರಿಂಗ್ ಮತ್ತು ಎಕ್ಸ್-ರಿಂಗ್ ಚೈನುಗಳಲ್ಲಿ ಒಳಪ್ಲೇಟ್ ಮತ್ತು ಹೊರಪ್ಲೇಟ್ ನಡುವೆ ಸಣ್ಣ ರಬ್ಬರ್ ಉಂಗುರಗಳಿರುತ್ತವೆ. ಪಿನ್ನಿಗೂ ಬುಷ್‌ಗೂ ನಡುವೆ ಕಾರ್ಖಾನೆಯಲ್ಲೇ ತುಂಬಿದ ಗ್ರೀಸನ್ನು ಹೊರಗೆ ಬಿಡದೆ, ನೀರು ಮತ್ತು ಧೂಳನ್ನು ಒಳಗೆ ಬಿಡದೆ ಕಾಯುವುದು ಅವುಗಳ ಕೆಲಸ. ಒಮ್ಮೆ ಆ ಗ್ರೀಸ್ ಹೋದರೆ ಹೊರಗಿನಿಂದ ಮತ್ತೆ ತುಂಬಲು ದಾರಿಯಿಲ್ಲ. ಆದ್ದರಿಂದ ಇಂಥ ಚೈನಿನಲ್ಲಿ ನಾವು ಕಾಪಾಡಬೇಕಾದದ್ದು ರಬ್ಬರನ್ನು. ಹಾಗೆಂದು ಹೊರಗಿನ ಎಣ್ಣೆ ಬೇಡವೆಂದಲ್ಲ: ರೋಲರ್ ಮತ್ತು ಬುಷ್ ನಡುವಿನ ಜಾಗಕ್ಕೆ ಈ ಸೀಲ್ ಇರುವುದಿಲ್ಲ. ರಬ್ಬರ್ ಒಣಗಿ ಬಿರಿಯಬಾರದು, ಪ್ಲೇಟುಗಳಿಗೆ ತುಕ್ಕು ಹಿಡಿಯಬಾರದು. ರಿಂಗ್ ಇಲ್ಲದ ಸಾದಾ ಚೈನಿನಲ್ಲಾದರೆ ನೀವು ಹಾಕುವ ಎಣ್ಣೆಯೇ ಪಿನ್ನಿಗೆ ಸಿಗುವ ಎಣ್ಣೆ, ಬೇರೆ ಆಧಾರವಿಲ್ಲ.

ಕೂದಲೆಳೆಯ ಸವೆತ, ಬೆರಳುದ್ದದ ಸಡಿಲ

ಪ್ಲೇಟುಗಳು ಎಳೆತಕ್ಕೆ ಉದ್ದವಾಗುವುದರಿಂದ ಚೈನ್ ಸಡಿಲವಾಗುತ್ತದೆ ಎಂಬ ಎಣಿಕೆ ತಪ್ಪು. ಪ್ರತಿ ಪಿನ್ ಮತ್ತು ಬುಷ್ ಸ್ವಲ್ಪ ಸ್ವಲ್ಪವೇ ಸವೆದು ಕೀಲಿನಲ್ಲಿ ಸಂದು ಬೀಳುತ್ತದೆ. 112 ಕೀಲುಗಳ ಸಂದು ಒಟ್ಟು ಸೇರಿದಾಗ ಚೈನ್ ಉದ್ದವಾಗುತ್ತದೆ.

ಎರಡು ಸ್ಪ್ರಾಕೆಟ್‌ಗಳ ನಡುವೆ 500 ಮಿ.ಮೀ. ಅಂತರವಿದೆ, ಕೆಳಗಿನ ಚೈನಿನ ನಡುಭಾಗ ಮೇಲಕ್ಕೂ ಕೆಳಕ್ಕೂ ಒಟ್ಟು 30 ಮಿ.ಮೀ. ಆಡುತ್ತದೆ ಎಂದಿಟ್ಟುಕೊಳ್ಳಿ. ಇಷ್ಟು ಆಟಕ್ಕೆ ಬೇಕಾದ ಹೆಚ್ಚುವರಿ ಉದ್ದ ಎಷ್ಟು ಗೊತ್ತೇ? ಸುಮಾರು 0.9 ಮಿ.ಮೀ. ಮಾತ್ರ. ಈಗ ಪ್ರತಿ ಕೀಲಿನಲ್ಲಿ 0.01 ಮಿ.ಮೀ. ಸವೆದರೆ ಒಟ್ಟು 1.1 ಮಿ.ಮೀ. ಸೇರಿ, ಸಡಿಲ 30ರಿಂದ ಸುಮಾರು 45 ಮಿ.ಮೀ.ಗೆ ಹೋಗುತ್ತದೆ. ಅದನ್ನು ಮತ್ತೆ 30ಕ್ಕೆ ತರಲು ಚಕ್ರ ಹಿಂದೆ ಸರಿಯಬೇಕಾದದ್ದು ಅರ್ಧ ಮಿ.ಮೀ.ಗಿಂತ ಕೊಂಚ ಹೆಚ್ಚು.

ಇದರಿಂದ ತಿಳಿಯುವುದು ಎರಡು ಸಂಗತಿ. ಸಡಿಲ ಎಷ್ಟಿದೆ ಎಂಬುದನ್ನು ನೋಡಿ ಚೈನ್ ಎಷ್ಟು ಸವೆದಿದೆ ಎಂದು ಹೇಳಲಾಗದು. ಸವೆತವನ್ನು ಬೇರೆಯಾಗಿಯೇ ಅಳೆಯಬೇಕು. ಇನ್ನೊಂದು, ಹಿಂದಿನ ಚಕ್ರವನ್ನು ಸರಿಸುವ ಅಡ್ಜಸ್ಟರ್ ಬೋಲ್ಟನ್ನು ಸುತ್ತುಗಟ್ಟಲೆ ತಿರುಗಿಸುವ ಅಭ್ಯಾಸ ಅಪಾಯದ್ದು. ಒಂದು ಸುತ್ತಿಗೆ 1.25 ಮಿ.ಮೀ. ಸರಿಯುವ ಬೋಲ್ಟಿನಲ್ಲಿ ಕಾಲು ಸುತ್ತು ಎಂದರೆ 0.3 ಮಿ.ಮೀ., ಸಡಿಲದಲ್ಲಿ ಎದ್ದು ಕಾಣುವ ವ್ಯತ್ಯಾಸಕ್ಕೆ ಅಷ್ಟೇ ಸಾಕು.

ರೋಗ ಗುರುತಿಸುವುದು

ಏನೇ ಪರೀಕ್ಷೆ ಮಾಡುವ ಮುಂಚೆ ಎಂಜಿನ್ ನಿಲ್ಲಿಸಿ, ಕೀ ತೆಗೆದು ಇಟ್ಟುಕೊಂಡು, ಗೇರನ್ನು ನ್ಯೂಟ್ರಲ್‌ಗೆ ತನ್ನಿ. ಚಕ್ರವನ್ನು ಕೈಯಿಂದಲೇ ತಿರುಗಿಸಬೇಕು. ಎಂಜಿನ್ ಓಡಿಸುತ್ತಾ ಚೈನಿಗೆ ಬಟ್ಟೆ ಹಿಡಿಯುವವರನ್ನು ಕಂಡರೆ ತಡೆಯಿರಿ. ಬಟ್ಟೆಯ ಒಂದು ಎಳೆ ಸ್ಪ್ರಾಕೆಟ್‌ಗೆ ಸಿಕ್ಕಿದರೂ ಅದರ ಹಿಂದೆಯೇ ಬೆರಳು ಹೋಗುತ್ತದೆ, ಕೈ ಹಿಂದೆಗೆದುಕೊಳ್ಳಲು ಸಮಯವೇ ಇರುವುದಿಲ್ಲ.

ಮೊದಲು ಸಡಿಲ. ಕೆಳಗಿನ ಚೈನಿನ ಸರಿ ಮಧ್ಯದಲ್ಲಿ ಸ್ಕೇಲ್ ಹಿಡಿದು, ಬೆರಳಿನಿಂದ ಚೈನನ್ನು ಪೂರ್ತಿ ಕೆಳಗೆ ಎಳೆದು ಒಂದು ಅಳತೆ, ಪೂರ್ತಿ ಮೇಲೆ ಒತ್ತಿ ಇನ್ನೊಂದು ಅಳತೆ ತೆಗೆದುಕೊಳ್ಳಿ. ಎರಡರ ವ್ಯತ್ಯಾಸವೇ ಸಡಿಲ. ದಿನಬಳಕೆಯ ಸಣ್ಣ ಬೈಕುಗಳಲ್ಲಿ ಇದು ಸಾಮಾನ್ಯವಾಗಿ 20ರಿಂದ 30 ಮಿ.ಮೀ., ದೊಡ್ಡವುಗಳಲ್ಲಿ 25ರಿಂದ 40, ಸಸ್ಪೆನ್ಷನ್ ಉದ್ದವಿರುವ ಬೈಕುಗಳಲ್ಲಿ ಇನ್ನೂ ಹೆಚ್ಚು. ನಿಮ್ಮ ಬೈಕಿನ ಅಳತೆ ಮಾಲೀಕರ ಕೈಪಿಡಿಯಲ್ಲಿರುತ್ತದೆ. ಅನೇಕ ಬೈಕುಗಳಲ್ಲಿ ಸ್ವಿಂಗ್‌ಆರ್ಮ್ (ಹಿಂದಿನ ಚಕ್ರವನ್ನು ಹಿಡಿದು ಮೇಲೆ ಕೆಳಗೆ ಆಡುವ ತೋಳು) ಮೇಲಿನ ಸ್ಟಿಕ್ಕರ್‌ನಲ್ಲೂ ಇರುತ್ತದೆ. ಸೈಡ್ ಸ್ಟ್ಯಾಂಡಿನಲ್ಲಿ ಅಳೆಯಬೇಕೋ ಸೆಂಟರ್ ಸ್ಟ್ಯಾಂಡಿನಲ್ಲೋ ಎಂಬುದನ್ನೂ ಅಲ್ಲೇ ನೋಡಿ. ಚಕ್ರ ನೆಲದ ಮೇಲಿದ್ದಾಗಲೂ ಎತ್ತಿದ್ದಾಗಲೂ ಸ್ವಿಂಗ್‌ಆರ್ಮ್‌ನ ಕೋನ ಬೇರೆ, ಸಡಿಲವೂ ಬೇರೆ.

ಒಂದೇ ಕಡೆ ಅಳೆದು ಬಿಡಬೇಡಿ. ಚಕ್ರವನ್ನು ಸ್ವಲ್ಪ ಸ್ವಲ್ಪ ತಿರುಗಿಸುತ್ತಾ ಚೈನ್ ಒಂದು ಪೂರ್ತಿ ಸುತ್ತು ಬರುವವರೆಗೆ ಆರೇಳು ಕಡೆ ಅಳೆಯಿರಿ. ಹಳೆಯ ಚೈನ್ ಒಂದು ಜಾಗದಲ್ಲಿ 40 ಮಿ.ಮೀ., ಇನ್ನೊಂದರಲ್ಲಿ 25 ಮಿ.ಮೀ. ತೋರಿಸಬಹುದು. ಬಿಗಿಯಾದ ಜಾಗ ಎಷ್ಟು ಸುತ್ತಿಗೊಮ್ಮೆ ಮರಳಿ ಬರುತ್ತದೆ ಎಂಬುದನ್ನು ಗಮನಿಸಿ. ಟೈರಿನ ಮೇಲೆ ಒಂದು ಗುರುತು, ಚೈನಿನ ಒಂದು ಲಿಂಕಿನ ಮೇಲೆ ಒಂದು ಗುರುತು ಹಾಕಿಕೊಂಡರೆ ಸಾಕು. ಚಕ್ರದ ಪ್ರತಿ ಸುತ್ತಿಗೂ ಬಿಗಿ ಮರಳಿದರೆ ದೋಷ ಹಿಂದಿನ ಸ್ಪ್ರಾಕೆಟ್‌ನಲ್ಲಿ: ಅದು ಕೇಂದ್ರ ತಪ್ಪಿ ಕೂತಿದೆ ಅಥವಾ ವಕ್ರವಾಗಿದೆ. ಚೈನಿನ ಗುರುತಿನ ಜೊತೆಗೇ ಬರುತ್ತಿದ್ದರೆ (ಮೇಲಿನ ಲೆಕ್ಕದ ಬೈಕಿನಲ್ಲಿ ಚಕ್ರದ ಎರಡೂವರೆ ಸುತ್ತಿಗೊಮ್ಮೆ) ಚೈನೇ ಅಸಮವಾಗಿ ಸವೆದಿದೆ. ಇದಕ್ಕೆ ಯಾವ ಅಡ್ಜಸ್ಟ್‌ಮೆಂಟೂ ಮದ್ದಲ್ಲ. ಹತ್ತು ಮಿ.ಮೀ.ಗಿಂತ ಹೆಚ್ಚು ಏರುಪೇರು ಕಂಡರೆ ಹೊಸ ಚೈನಿನ ಯೋಚನೆ ಮಾಡುವುದೇ ಸರಿ.

ಎರಡನೆಯದು ಸವೆತದ ಅಳತೆ. ನನ್ನ ಮಟ್ಟಿಗೆ ಎಲ್ಲಕ್ಕಿಂತ ನಂಬಲರ್ಹ ಪರೀಕ್ಷೆ ಇದು. ಕೆಳಗಿನ ಚೈನನ್ನು ಬಿಗಿಯಾಗಿ ಎಳೆದು ಹಿಡಿಯುವಂತೆ ಮಾಡಿ, ಒಂದು ಪಿನ್ನಿನ ನಡುವಿನಿಂದ ಶುರುಮಾಡಿ 21ನೇ ಪಿನ್ನಿನ ನಡುವಿನವರೆಗೆ ಅಳೆಯಿರಿ. ನಡುವೆ 20 ಪಿಚ್ ಇರುತ್ತದೆ. ಹೊಸ 428 ಚೈನಿನಲ್ಲಿ ಇದು 254 ಮಿ.ಮೀ., 520, 525, 530 ಚೈನುಗಳಲ್ಲಿ 317.5 ಮಿ.ಮೀ. ಇದಕ್ಕಿಂತ ಶೇ. 1ರಷ್ಟು ಹೆಚ್ಚಾದರೆ, ಅಂದರೆ 256.5 ಅಥವಾ 320.7 ಮಿ.ಮೀ. ತಲುಪಿದರೆ, ಚೈನ್ ಮತ್ತು ಸ್ಪ್ರಾಕೆಟ್‌ಗಳ ಹೊಸ ಸೆಟ್ ಕೊಳ್ಳುವ ತಯಾರಿ ಮಾಡಿ. ಶೇ. 2, ಅಂದರೆ ಸುಮಾರು 259 ಅಥವಾ 324 ಮಿ.ಮೀ. ಎಂದರೆ ಆ ಚೈನಿನ ಆಯುಷ್ಯ ಮುಗಿದಂತೆ. ಕೈಪಿಡಿಯಲ್ಲಿ ಬೇರೆ ಮಿತಿ ಕೊಟ್ಟಿದ್ದರೆ ಅದನ್ನೇ ಪಾಲಿಸಿ. ಮೂರು ಬೇರೆ ಬೇರೆ ಜಾಗಗಳಲ್ಲಿ ಅಳೆದು, ಅತಿ ಹೆಚ್ಚಿನದನ್ನು ಲೆಕ್ಕಕ್ಕೆ ಹಿಡಿಯಿರಿ.

ಅಳತೆಪಟ್ಟಿ ಕೈಯಲ್ಲಿಲ್ಲದಿದ್ದರೆ ಹಿಂದಿನ ಸ್ಪ್ರಾಕೆಟ್‌ನ ತೀರಾ ಹಿಂಬದಿಯಲ್ಲಿ, ಅದರ ನಡುಮಟ್ಟದಲ್ಲಿ, ಚೈನನ್ನು ಬೆರಳಲ್ಲಿ ಹಿಡಿದು ಹಿಂದಕ್ಕೆ ಎಳೆಯಿರಿ. ಒಳ್ಳೆಯ ಚೈನ್ ಹಲ್ಲಿಗೆ ಅಂಟಿಕೊಂಡೇ ಇರುತ್ತದೆ. ಅರ್ಧ ಹಲ್ಲು ಕಾಣುವಷ್ಟು ಎದ್ದು ಬಂದರೆ ಸವೆತ ಬಹಳವಾಗಿದೆ.

ಮೂರನೆಯದು ಕಣ್ಣಿಗೆ ಬೀಳುವ ಗುರುತುಗಳು. ಪಿನ್ನಿನ ತುದಿಯ ಸುತ್ತ, ಪ್ಲೇಟುಗಳ ಸಂದಿನಲ್ಲಿ ಕೆಂಗಂದು ಪುಡಿ ಕಂಡರೆ ಅದನ್ನು ಮೇಲ್ಮೈ ತುಕ್ಕೆಂದು ಕಡೆಗಣಿಸಬೇಡಿ. ಒಣಗಿದ ಪಿನ್ನೂ ಬುಷ್ಷೂ ಒಂದನ್ನೊಂದು ಅರೆಯುತ್ತಿವೆ, ಆ ಲೋಹದ ಪುಡಿ ತುಕ್ಕು ಹಿಡಿದು ಹೊರಬರುತ್ತಿದೆ ಎಂದು ಅದರರ್ಥ. ಓ-ರಿಂಗ್ ಚೈನಿನಲ್ಲಿ ಇದು ಕಂಡರೆ ಆ ಕೀಲಿನ ಸೀಲ್ ಸತ್ತಿದೆ. ಚಕ್ರವನ್ನು ನಿಧಾನವಾಗಿ ಹಿಂದಕ್ಕೆ ತಿರುಗಿಸುತ್ತಾ ಚೈನ್ ಸ್ಪ್ರಾಕೆಟ್ ಬಿಟ್ಟು ನೇರವಾಗುವ ಜಾಗವನ್ನು ನೋಡಿ. ಒಂದೆರಡು ಲಿಂಕುಗಳು ನೇರವಾಗದೆ ಸೊಟ್ಟಗೇ ಉಳಿದರೆ ಅವು ಹಿಡಿದುಕೊಂಡಿವೆ. ಸಾದಾ ಚೈನಿನಲ್ಲಿ ಸೀಮೆಎಣ್ಣೆ, ಆಮೇಲೆ ಎಣ್ಣೆ ಬಿಟ್ಟು ಕೈಯಿಂದ ಅತ್ತಿತ್ತ ಬಾಗಿಸಿದರೆ ಕೆಲವೊಮ್ಮೆ ಬಿಡುತ್ತವೆ. ಸೀಲ್ ಇರುವ ಚೈನಿನಲ್ಲಿ ಬಿಟ್ಟರೂ ಹೆಚ್ಚು ದಿನ ನಿಲ್ಲುವುದಿಲ್ಲ.

ಸದ್ದು ಕೂಡ ಬಹಳಷ್ಟು ಹೇಳುತ್ತದೆ. ಹಳ್ಳಕ್ಕೆ ಇಳಿದಾಗ ಅಥವಾ ಥ್ರಾಟಲ್ ಬಿಟ್ಟಾಗ ಪಟಪಟ ಬಡಿದರೆ ಸಡಿಲ ಹೆಚ್ಚಾಗಿ ಚೈನ್ ಸ್ವಿಂಗ್‌ಆರ್ಮ್‌ಗೋ ಕವರಿಗೋ ತಾಗುತ್ತಿದೆ. ವೇಗದ ಜೊತೆಗೆ ಏರುವ ಗುಂಯ್ ಎಂಬ ಸದ್ದು ಅತಿ ಬಿಗಿಯದ್ದು. ಗರಗರ ಎಂದರೆ ಒಣಗಿದೆ, ಮರಳು ಸೇರಿದೆ. ನಿಧಾನ ವೇಗದಲ್ಲಿ ತಾಳ ಹಾಕಿದಂತೆ ಒಂದೇ ಅಂತರದಲ್ಲಿ ಬರುವ ಟಕ್ ಟಕ್ ಹೆಚ್ಚಾಗಿ ಹಿಡಿದುಕೊಂಡ ಲಿಂಕಿನದು. ಥ್ರಾಟಲ್ ಕೊಟ್ಟಾಗ, ಬಿಟ್ಟಾಗ ಗಾಡಿ ಜಗ್ಗಿದರೆ ಮಾತ್ರ ಚೈನನ್ನೇ ದೂರಬೇಡಿ. ಹಿಂದಿನ ಚಕ್ರದ ನಡುಭಾಗವಾದ ಹಬ್ಬಿನೊಳಗೆ ಸ್ಪ್ರಾಕೆಟ್ ಮತ್ತು ಚಕ್ರದ ನಡುವೆ ರಬ್ಬರ್ ತುಂಡುಗಳಿರುತ್ತವೆ. ಹಿಂದಿನ ಬ್ರೇಕ್ ಹಿಡಿಸಿ ಸ್ಪ್ರಾಕೆಟ್ಟನ್ನು ಕೈಯಿಂದ ಹಿಂದೆ ಮುಂದೆ ಆಡಿಸಿ ನೋಡಿ. ಲಟಲಟ ಆಡಿದರೆ ಹೋಗಿರುವುದು ಹಬ್ ರಬ್ಬರ್. ಈ ಒಂದು ಪರೀಕ್ಷೆ ಮಾಡದೆ ಎಷ್ಟೋ ಒಳ್ಳೆಯ ಚೈನುಗಳನ್ನು ಬಿಸಾಡಲಾಗುತ್ತದೆ.

ಸ್ಪ್ರಾಕೆಟ್‌ಗಳ ಹಲ್ಲು

ಚೈನಿನ ಪಿಚ್ ಉದ್ದವಾದಾಗ ಸ್ಪ್ರಾಕೆಟ್‌ನ ಪಿಚ್ ಅದಕ್ಕೆ ಹೊಂದುವುದಿಲ್ಲ. ರೋಲರುಗಳು ಹಲ್ಲಿನ ಬುಡದಲ್ಲಿ ಕೂರುವ ಬದಲು ಮೇಲಕ್ಕೆ ಏರುತ್ತವೆ, ಭಾರ ಎಲ್ಲ ಹಲ್ಲುಗಳಿಗೂ ಹಂಚಿಹೋಗದೆ ಕೆಲವೇ ಹಲ್ಲುಗಳ ಮೇಲೆ ಬೀಳುತ್ತದೆ. ಹಲ್ಲುಗಳು ಒಂದು ಬದಿಗೆ ಕೊರೆದು ಕೊಕ್ಕೆಯಂತೆ ಬಾಗುತ್ತವೆ. ಕೊಕ್ಕೆಯಾದ ಹಲ್ಲು ರೋಲರನ್ನು ಸುಲಭವಾಗಿ ಬಿಡದೆ ಎಳೆದು ಚೈನನ್ನು ಇನ್ನಷ್ಟು ಸವೆಸುತ್ತದೆ. ಅದಕ್ಕೇ ಚೈನ್ ಮತ್ತು ಎರಡೂ ಸ್ಪ್ರಾಕೆಟ್‌ಗಳನ್ನು ಒಟ್ಟಿಗೆ ಬದಲಿಸಬೇಕು. ಹಳೆಯ ಸ್ಪ್ರಾಕೆಟ್ ಮೇಲೆ ಹೊಸ ಚೈನ್ ಹಾಕಿದರೆ ಉಳಿತಾಯವಾಗುವುದಿಲ್ಲ, ಹೊಸ ಚೈನೇ ಬೇಗ ಹಾಳಾಗುತ್ತದೆ. ಸವೆದ ಚೈನಿನಿಂದ ಲಿಂಕ್ ಕತ್ತರಿಸಿ ಚಿಕ್ಕದು ಮಾಡುವುದಂತೂ ಸಲ್ಲದು. ಕೆಟ್ಟಿರುವುದು ಚೈನಿನ ಒಟ್ಟು ಉದ್ದವಲ್ಲ, ಪ್ರತಿಯೊಂದು ಪಿಚ್. ಲಿಂಕ್ ತೆಗೆದರೂ ರೋಲರುಗಳು ಹಲ್ಲಿನ ಮೇಲೆ ಏರುವುದು ನಿಲ್ಲದು. ಒಂದು ದಿನ ಚೈನ್ ಹಲ್ಲು ಹಾರಿದರೆ ಅಥವಾ ತುಂಡಾದರೆ ಹಿಂದಿನ ಚಕ್ರ ಜಾಮ್ ಆಗಬಹುದು, ಎಂಜಿನ್ ಕೇಸೇ ಒಡೆಯಬಹುದು.

ಮುಂದಿನ ಸ್ಪ್ರಾಕೆಟ್ ಮೊದಲು ಸವೆಯುತ್ತದೆ, ಅದರ ಪ್ರತಿ ಹಲ್ಲು ಹಿಂದಿನದಕ್ಕಿಂತ ಮೂರು ಪಟ್ಟು ಹೆಚ್ಚು ಸಲ ಚೈನನ್ನು ಹಿಡಿಯುತ್ತದೆ. ಆದರೆ ಅದು ಕವರಿನ ಹಿಂದೆ ಅಡಗಿರುವುದರಿಂದ ಯಾರೂ ನೋಡುವುದಿಲ್ಲ. ಕವರ್ ಬಿಚ್ಚಿ, ಒಳಗೆ ಗಟ್ಟಿಯಾಗಿ ಕೂತ ಎಣ್ಣೆ-ಮಣ್ಣಿನ ಮುದ್ದೆಯನ್ನು ಕೆರೆದು ತೆಗೆಯುವುದನ್ನು ಪ್ರತಿ ಸರ್ವೀಸಿನಲ್ಲೂ ಕೇಳಿ ಮಾಡಿಸಿ. ಚೈನಿಗೆ ಮರಳು ಉಣಿಸುವ ಜಾಗ ಅದೇ.

ಪಿಕಪ್ ಹೆಚ್ಚಲಿ ಎಂದು ಮುಂದಿನ ಸ್ಪ್ರಾಕೆಟ್‌ನಲ್ಲಿ ಒಂದು ಹಲ್ಲು ಕಡಿಮೆ ಮಾಡುವವರಿದ್ದಾರೆ. 15ರ ಬದಲು 14 ಹಾಕಿದರೆ ಕೀಲು 24ರ ಬದಲು 25.7 ಡಿಗ್ರಿ ಬಾಗಬೇಕು, ಚೈನಿನ ಮೇಲಿನ ಎಳೆತ ಶೇ. 7ರಷ್ಟು ಹೆಚ್ಚುತ್ತದೆ. ಇನ್ನೊಂದು ನಷ್ಟವೂ ಇದೆ. 112ನ್ನು 14 ನಿಶ್ಶೇಷವಾಗಿ ಭಾಗಿಸುತ್ತದೆ, ಹಾಗಾಗಿ ಪ್ರತಿ ಹಲ್ಲಿಗೂ ಪ್ರತಿ ಸುತ್ತಿನಲ್ಲಿ ಸಿಗುವುದು ಅದೇ 8 ರೋಲರುಗಳು. 15 ಹಲ್ಲಿದ್ದರೆ ಪ್ರತಿ ಹಲ್ಲಿಗೂ ಸರದಿಯಲ್ಲಿ ಎಲ್ಲ 112 ರೋಲರುಗಳೂ ಸಿಗುತ್ತವೆ, ಸವೆತ ಸಮನಾಗಿ ಹಂಚಿಹೋಗುತ್ತದೆ.

ಸಡಿಲ ಸರಿಪಡಿಸುವುದು

ಬಿಗಿ ಹೆಚ್ಚಾದರೆ ಏನಾಗುತ್ತದೆ ಎಂಬುದನ್ನು ಮೊದಲು ಹೇಳಬೇಕು, ಏಕೆಂದರೆ ಸಡಿಲ ಚೈನಿಗಿಂತ ಅತಿ ಬಿಗಿ ಚೈನ್ ಹೆಚ್ಚು ಹಾನಿ ಮಾಡುತ್ತದೆ. ಸ್ವಿಂಗ್‌ಆರ್ಮ್‌ನ ಕೀಲು ಮುಂದಿನ ಸ್ಪ್ರಾಕೆಟ್‌ಗಿಂತ ಹಿಂದೆ ಇರುತ್ತದೆ. ಸಸ್ಪೆನ್ಷನ್ ಒತ್ತಿಕೊಂಡಾಗ ಮುಂದಿನ ಸ್ಪ್ರಾಕೆಟ್, ಸ್ವಿಂಗ್‌ಆರ್ಮ್ ಕೀಲು ಮತ್ತು ಹಿಂದಿನ ಆಕ್ಸಲ್ (ಚಕ್ರದ ಅಚ್ಚು) ಒಂದೇ ಗೆರೆಗೆ ಬರುವ ಒಂದು ಘಟ್ಟವಿದೆ. ಅಲ್ಲಿ ಎರಡು ಸ್ಪ್ರಾಕೆಟ್‌ಗಳ ಅಂತರ ಅತಿ ಹೆಚ್ಚು, ಚೈನ್ ಅತಿ ಬಿಗಿ. ನಿಂತ ಬೈಕಿನಲ್ಲಿ ಕೊಡುವ ಸಡಿಲ ಈ ಘಟ್ಟಕ್ಕೆಂದೇ ಇಟ್ಟ ಮೀಸಲು. ಅದನ್ನು ಕಿತ್ತುಕೊಂಡರೆ ಹಿಂಬದಿ ಸವಾರ ಕೂತು ಗಾಡಿ ಗುಂಡಿಗೆ ಇಳಿದಾಗ ಚೈನ್ ತಂತಿಯಂತೆ ಬಿಗಿದು, ಗೇರ್‌ಬಾಕ್ಸಿನ ಔಟ್‌ಪುಟ್ ಶಾಫ್ಟ್ ಬೇರಿಂಗ್, ಅದರ ಆಯಿಲ್ ಸೀಲ್, ಹಿಂದಿನ ಚಕ್ರದ ಬೇರಿಂಗ್ ಎಲ್ಲದರ ಮೇಲೂ ಎಳೆತ ಬೀಳುತ್ತದೆ. ಮುಂದಿನ ಸ್ಪ್ರಾಕೆಟ್ ಹಿಂದಿನಿಂದ ಎಂಜಿನ್ ಆಯಿಲ್ ಜಿನುಗುತ್ತಿದ್ದರೆ ಚೈನ್ ಬಹುಕಾಲ ಅತಿ ಬಿಗಿಯಾಗಿತ್ತೇ ಎಂದು ವಿಚಾರಿಸಿ. ಅನುಮಾನವಿದ್ದಾಗ ಮಿತಿಯೊಳಗಿನ ಸಡಿಲದ ಕಡೆಗೇ ಇಡಿ.

ಚೈನಿನ ಅತಿ ಬಿಗಿಯಾದ ಜಾಗ ಕೆಳಗೆ ನಡುವಿಗೆ ಬರುವಂತೆ ಚಕ್ರ ನಿಲ್ಲಿಸಿಕೊಂಡು ಕೆಲಸ ಶುರು ಮಾಡಿ. ಸಡಿಲವಾದ ಜಾಗದಲ್ಲಿ ಹೊಂದಿಸಿದರೆ ಬಿಗಿ ಜಾಗದಲ್ಲಿ ಚೈನಿಗೆ ಉಸಿರೇ ಇರುವುದಿಲ್ಲ. ಆಕ್ಸಲ್ ನಟ್ಟಿಗೆ ಸ್ಪ್ಲಿಟ್ ಪಿನ್ ಇದ್ದರೆ ತೆಗೆಯಿರಿ, ನಟ್ ಸಡಿಲಿಸಿ. ಹಿಂದೆ ಡ್ರಮ್ ಬ್ರೇಕ್ ಇದ್ದರೆ ಬ್ರೇಕ್ ಪ್ಲೇಟನ್ನು ಹಿಡಿದಿರುವ ಟಾರ್ಕ್ ರಾಡ್ ನಟ್ಟನ್ನೂ ಸಡಿಲಿಸಬೇಕು. ಕೆಲವು ಬೈಕುಗಳಲ್ಲಿ ಸ್ಪ್ರಾಕೆಟ್ ಬದಿಗೆ ಇನ್ನೊಂದು ಸ್ಲೀವ್ ನಟ್ ಇರುತ್ತದೆ. ಅದನ್ನು ಸಡಿಲಿಸದೆ ಅಡ್ಜಸ್ಟರ್ ತಿರುಗಿಸಿದರೆ ಆ ಬದಿ ಅಲುಗುವುದಿಲ್ಲ, ಚಕ್ರ ಓರೆಯಾಗುತ್ತದೆ.

ಎರಡೂ ಬದಿಯ ಲಾಕ್‌ನಟ್ ಬಿಡಿಸಿ, ಅಡ್ಜಸ್ಟರುಗಳನ್ನು ಕಾಲು ಕಾಲು ಸುತ್ತು ಸಮನಾಗಿ ತಿರುಗಿಸುತ್ತಾ ಪ್ರತಿ ಸಲ ಅಳೆಯಿರಿ. ಬೇಕಾದುದಕ್ಕಿಂತ ಹೆಚ್ಚು ಬಿಗಿಯಾದರೆ ಅಡ್ಜಸ್ಟರ್ ಹಿಂದೆ ತಿರುಗಿಸಿದರಷ್ಟೇ ಸಾಲದು, ಚಕ್ರವನ್ನು ಮುಂದಕ್ಕೆ ತಳ್ಳಿ ಅದು ಅಡ್ಜಸ್ಟರಿಗೆ ತಾಗುವಂತೆ ಮಾಡಬೇಕು. ಆಮೇಲೆ ಆಕ್ಸಲ್ ನಟ್ಟನ್ನು ಕೈಪಿಡಿಯಲ್ಲಿ ಹೇಳಿದ ಟಾರ್ಕಿಗೆ ಬಿಗಿ ಮಾಡಿ, ಸಡಿಲವನ್ನು ಮತ್ತೊಮ್ಮೆ ಅಳೆಯಿರಿ. ನಟ್ ಬಿಗಿಯಾಗುವಾಗ ಆಕ್ಸಲ್ ಕೊಂಚ ಸರಿದು ಅಳತೆ ಬದಲಾಗುವುದು ಮಾಮೂಲು, ಆದರೂ ಬಹುಮಂದಿ ಈ ಎರಡನೇ ಅಳತೆಯನ್ನೇ ಬಿಡುತ್ತಾರೆ. ಕೊನೆಗೆ ಲಾಕ್‌ನಟ್, ಟಾರ್ಕ್ ರಾಡ್ ನಟ್, ಹೊಸ ಸ್ಪ್ಲಿಟ್ ಪಿನ್. ಚಕ್ರ ಹಿಂದೆ ಸರಿದಿದ್ದರಿಂದ ಡ್ರಮ್ ಬ್ರೇಕಿನ ರಾಡ್ ಬಿಗಿಯಾಗಿರುತ್ತದೆ. ಪೆಡಲಿನ ಆಟವನ್ನೂ ಬ್ರೇಕ್ ಲೈಟನ್ನೂ ನೋಡದೆ ಗಾಡಿ ಹೊರಗೆ ತೆಗೆಯಬೇಡಿ.

ಚಕ್ರ ನೇರವಾಗಿದೆಯೇ ಎಂಬುದಕ್ಕೆ ಸ್ವಿಂಗ್‌ಆರ್ಮ್ ಮೇಲಿನ ಗೆರೆಗಳನ್ನು ಪೂರ್ತಿ ನಂಬಲಾಗದು. ಸ್ವಿಂಗ್‌ಆರ್ಮ್ ಕೀಲಿನ ಬೋಲ್ಟಿನ ನಡುವಿನಿಂದ ಆಕ್ಸಲ್ ನಡುವಿನವರೆಗೆ ಎರಡೂ ಬದಿ ಟೇಪಿನಲ್ಲಿ ಅಳೆಯಿರಿ, ಎರಡೂ ಸಮ ಬರಬೇಕು. ಗಾಡಿಯ ಹಿಂದೆ ಕೂತು ಚೈನಿನ ಮೇಲ್ಭಾಗದ ಉದ್ದಕ್ಕೂ ಕಣ್ಣು ಹಾಯಿಸಿದರೆ ಅದು ಸ್ಪ್ರಾಕೆಟ್‌ಗೆ ನೇರವಾಗಿ ಹತ್ತುತ್ತಿದೆಯೇ ಎಂಬುದೂ ಕಾಣುತ್ತದೆ. ಹಲ್ಲುಗಳ ಒಂದೇ ಮಗ್ಗುಲು ಉಜ್ಜಿ ಹೊಳೆಯುತ್ತಿದ್ದರೆ ಗಾಡಿ ಬಹಳ ದಿನದಿಂದ ಓರೆಯಾಗಿ ಓಡಿದೆ.

ತೊಳೆಯುವುದು, ಎಣ್ಣೆ ಬಿಡುವುದು

ಸುಮಾರು 500 ಕಿ.ಮೀ.ಗೊಮ್ಮೆ, ಮಳೆಯಲ್ಲಿ ನೆನೆದರೆ ಅದೇ ದಿನ. ತೊಳೆಯಲು ಸೀಮೆಎಣ್ಣೆ ಅಥವಾ ಓ-ರಿಂಗ್ ಚೈನಿಗೆ ಸರಿಹೊಂದುತ್ತದೆ ಎಂದು ಬರೆದ ಚೈನ್ ಕ್ಲೀನರ್ ಬಳಸಿ. 150ರಿಂದ 200 ಮಿ.ಲೀ. ಸೀಮೆಎಣ್ಣೆ ಒಂದು ಸಲಕ್ಕೆ ಧಾರಾಳವಾಯಿತು. ಪೆಟ್ರೋಲ್ ಬೇಡ: ರಬ್ಬರ್ ರಿಂಗುಗಳನ್ನು ಕೆಡಿಸುತ್ತದೆ, ಬೆಂಕಿಯ ಭಯ ಬೇರೆ. ತಂತಿ ಬ್ರಷ್ ರಿಂಗುಗಳನ್ನು ಹರಿಯುತ್ತದೆ. ಸರ್ವೀಸ್ ಮಾಡುವಲ್ಲಿ ಹೆಚ್ಚು ಒತ್ತಡದ ನೀರಿನ ಪೈಪನ್ನು ನೇರ ಚೈನಿಗೆ ಹಿಡಿದರೆ ನೀರು ರಿಂಗನ್ನು ದಾಟಿ ಗ್ರೀಸಿಗೆ ಸೇರುತ್ತದೆ. ಮೃದುವಾದ ನೈಲಾನ್ ಬ್ರಷ್ಷಿನಿಂದ ಚೈನಿನ ನಾಲ್ಕೂ ಮುಖ ಉಜ್ಜಿ, ಬಟ್ಟೆಯಲ್ಲಿ ಒರೆಸಿ, ಪೂರ್ತಿ ಒಣಗಲು ಬಿಡಿ. ಸೀಮೆಎಣ್ಣೆಯಲ್ಲೇ ನೆನೆಸಿಡುವುದು ರಿಂಗ್ ಇಲ್ಲದ ಚೈನಿಗೆ ಮಾತ್ರ.

ಎಣ್ಣೆಯ ವಿಷಯದಲ್ಲಿ 80ಡಬ್ಲ್ಯೂ-90 ಗೇರ್ ಆಯಿಲ್ ಅಥವಾ ಚೈನ್ ಲ್ಯೂಬ್ ಸ್ಪ್ರೇ, ಎರಡೂ ಒಳ್ಳೆಯವೇ. ಗೇರ್ ಆಯಿಲ್ ಚೆನ್ನಾಗಿ ಒಳಗಿಳಿಯುತ್ತದೆ, ಆದರೆ ಹಾರಿ ರಿಮ್ಮಿಗೆ ಬೀಳುತ್ತದೆ. ಸ್ಪ್ರೇ ಅಂಟಿಕೊಂಡಿರುತ್ತದೆ, ಧೂಳಿನ ರಸ್ತೆಯಲ್ಲಿ ಅದೇ ಅಂಟು ಮರಳನ್ನೂ ಹಿಡಿದಿಡುತ್ತದೆ. ಧೂಳು ಹೆಚ್ಚಿದ್ದಲ್ಲಿ ಗೇರ್ ಆಯಿಲ್ ಹಚ್ಚಿ ಪದೇ ಪದೇ ಒರೆಸುವುದೇ ಮೇಲು. ಬೇಡವೇ ಬೇಡ ಎನ್ನಬೇಕಾದವು ಎರಡು: ತೆಗೆದ ಹಳೆಯ ಎಂಜಿನ್ ಆಯಿಲ್ ಮತ್ತು ಡಬ್ಬಿಯ ಗ್ರೀಸ್. ಹಳೆಯ ಆಯಿಲಿನಲ್ಲಿ ಲೋಹದ ನುಸಿಯೂ ಆಮ್ಲವೂ ಇರುತ್ತವೆ. ಗ್ರೀಸ್ ದಪ್ಪವಾದ್ದರಿಂದ ಕೀಲಿನೊಳಗೆ ಇಳಿಯುವುದೇ ಇಲ್ಲ, ಹೊರಗೆ ಕೂತು ಮಣ್ಣನ್ನು ಕಲೆಹಾಕುತ್ತದೆ. ತುಕ್ಕು ಬಿಡಿಸುವ ತೆಳು ಸ್ಪ್ರೇ ಚೈನಿನ ಎಣ್ಣೆಯಲ್ಲ.

ಗಾಡಿ ಓಡಿಸಿ ಬಂದು ಚೈನ್ ಬೆಚ್ಚಗಿರುವಾಗ ಎಣ್ಣೆ ಹಾಕಿದರೆ ಚೆನ್ನಾಗಿ ಹಬ್ಬುತ್ತದೆ. ಹಾಕಬೇಕಾದ ಜಾಗ ಕೆಳಗಿನ ಚೈನಿನ ಒಳಮುಖ, ಅಂದರೆ ಸ್ಪ್ರಾಕೆಟ್ ಹಲ್ಲಿಗೆ ತಾಗುವ ಬದಿ. ಚೈನ್ ಸ್ಪ್ರಾಕೆಟ್ ಸುತ್ತುವಾಗ ಎಣ್ಣೆ ಹೊರಕ್ಕೆ ಚಿಮ್ಮುವುದರಿಂದ ಒಳಮುಖದಲ್ಲಿ ಹಾಕಿದ್ದು ರೋಲರ್ ದಾಟಿ ಪ್ಲೇಟುಗಳ ಸಂದಿಗೆ ಹೋಗುತ್ತದೆ. ಹೊರಮುಖಕ್ಕೆ ಹಾಕಿದ್ದು ಟೈರಿಗೆ ಹೋಗುತ್ತದೆ. ಚಕ್ರವನ್ನು ಕೈಯಲ್ಲಿ ತಿರುಗಿಸುತ್ತಾ ಪ್ರತಿ ಲಿಂಕಿನ ಎರಡೂ ಬದಿಯ ಪ್ಲೇಟುಗಳ ನಡುವೆ ಒಂದೊಂದು ಹನಿ ಬಿಡಿ. ಒಂದು ಹನಿ ಸುಮಾರು 0.05 ಮಿ.ಲೀ., 112 ಲಿಂಕಿಗೆ ಒಟ್ಟು 11 ಮಿ.ಲೀ. ಆಗುತ್ತದೆ. ಅಷ್ಟೇ ಸಾಕು. ಒಂದು ರಾತ್ರಿ ಹಾಗೇ ಬಿಟ್ಟು ಬೆಳಿಗ್ಗೆ ಹೊರಗಿನ ಎಣ್ಣೆಯನ್ನು ಒಣಬಟ್ಟೆಯಲ್ಲಿ ಒರೆಸಿ. ಹೊರಮುಖದಲ್ಲಿ ತೆಳು ಪಸೆ ಉಳಿದರೆ ತುಕ್ಕು ತಡೆಯಲು ಸಾಲುತ್ತದೆ. ಟೈರ್ ಅಥವಾ ಬ್ರೇಕ್ ಡಿಸ್ಕಿಗೆ ಒಂದು ಹನಿ ಬಿದ್ದರೂ ತಕ್ಷಣ ಒರೆಸಿ ತೆಗೆಯಿರಿ.

ಚೈನನ್ನು ಪೂರ್ತಿ ಮುಚ್ಚುವ ಕವರ್ ಬೈಕಿಗೆ ಬಂದಿದ್ದರೆ ಚಂದಕ್ಕಾಗಿ ಅದನ್ನು ಬಿಚ್ಚಿಸಬೇಡಿ. ಧೂಳು, ನೀರು ಎರಡನ್ನೂ ದೂರವಿಡುವುದಕ್ಕೆ ಅದಕ್ಕಿಂತ ಒಳ್ಳೆಯ ಉಪಾಯವಿಲ್ಲ. ಅದರ ಕೆಳಗಿರುವ ರಬ್ಬರ್ ಮುಚ್ಚಳ ತೆಗೆದರೆ ಸಡಿಲ ಅಳೆಯಬಹುದು.

ಹೊಸ ಸೆಟ್ ಹಾಕುವಾಗ

ಹಳೆಯ ಚೈನ್ ಇನ್ನೂ ಗಾಡಿಯಲ್ಲಿರುವಾಗಲೇ, ಹಿಂದಿನ ಬ್ರೇಕ್ ಒತ್ತಿಸಿ ಮುಂದಿನ ಸ್ಪ್ರಾಕೆಟ್‌ನ ನಟ್ ಅಥವಾ ಬೋಲ್ಟುಗಳನ್ನು ಸಡಿಲಿಸಿ. ಚೈನ್ ತೆಗೆದ ಮೇಲೆ ಶಾಫ್ಟನ್ನು ಹಿಡಿದುಕೊಳ್ಳಲು ಏನೂ ಇರುವುದಿಲ್ಲ. ಹೊಸ ಚೈನಿನ ಉದ್ದವನ್ನು ಲಿಂಕ್ ಎಣಿಸಿಯೇ ನಿರ್ಧರಿಸಿ. ಹಳೆಯದರ ಪಕ್ಕದಲ್ಲಿಟ್ಟು ಕತ್ತರಿಸಿದರೆ ಮೋಸ ಹೋಗುತ್ತೀರಿ: ಶೇ. 2 ಸವೆದ 112 ಲಿಂಕಿನ ಚೈನ್ 28 ಮಿ.ಮೀ. ಉದ್ದವಾಗಿರುತ್ತದೆ, ಅಂದರೆ ಎರಡು ಲಿಂಕಿಗೂ ಮಿಗಿಲು.

ಹಳೆಯ ಚೈನಿನ ತುದಿಗೆ ಹೊಸದನ್ನು ತಾತ್ಕಾಲಿಕವಾಗಿ ಸಿಕ್ಕಿಸಿ ಎಳೆದರೆ ಅದು ಮುಂದಿನ ಸ್ಪ್ರಾಕೆಟ್ಟನ್ನು ಸುಲಭವಾಗಿ ಸುತ್ತಿ ಬರುತ್ತದೆ. ಹೊಸ ಸ್ಪ್ರಾಕೆಟ್ ಕೂರಿಸಿದ ಮೇಲೆ ಲಾಕ್ ವಾಷರ್ ಹೊಸದನ್ನೇ ಹಾಕಿ. ಚೈನಿನ ಎರಡು ತುದಿಗಳನ್ನು ಸೇರಿಸುವ ಲಾಕ್ ಕ್ಲಿಪ್ ಮಾದರಿಯದಾದರೆ ಕ್ಲಿಪ್ಪಿನ ಮುಚ್ಚಿದ ತುದಿ ಚೈನ್ ಓಡುವ ದಿಕ್ಕಿಗಿರಬೇಕು. ಮೇಲ್ಭಾಗದಲ್ಲಿ ನೋಡುವಾಗ ಗಾಡಿಯ ಮುಂದಕ್ಕೆ, ಕೆಳಭಾಗದಲ್ಲಿ ಹಿಂದಕ್ಕೆ. ತಿರುಗಿಸಿ ಹಾಕಿದರೆ ಏನಾದರೂ ತಾಗಿದಾಗ ತೆರೆದ ಬಾಯಿಯಿಂದ ಕ್ಲಿಪ್ ಕಳಚಿಹೋಗುತ್ತದೆ. ಸೀಲ್ ಇರುವ ಚೈನಿನ ಲಾಕಿಗೆ ಸಣ್ಣ ನಾಲ್ಕು ರಿಂಗುಗಳೂ ಒಂದಿಷ್ಟು ಗ್ರೀಸೂ ಜೊತೆಗೆ ಬಂದಿರುತ್ತವೆ, ಆ ಗ್ರೀಸನ್ನು ಪಿನ್ನುಗಳಿಗೆ ತುಂಬ ಹಚ್ಚಿದ ಮೇಲೆಯೇ ಜೋಡಿಸಿ. ಶಕ್ತಿ ಹೆಚ್ಚಿರುವ ಬೈಕುಗಳಿಗೆ ರಿವೆಟ್ ಮಾದರಿಯೇ ಬೇಕು, ಅದನ್ನು ಸುತ್ತಿಗೆಯಿಂದ ಬಡಿಯದೆ ರಿವೆಟ್ ಟೂಲಿನಿಂದಲೇ ಅಗಲಿಸಬೇಕು.

ಹೊಸ ಚೈನ್ ಮೊದಲ 300ರಿಂದ 500 ಕಿ.ಮೀ.ಗಳಲ್ಲಿ ಪಿನ್ ಮತ್ತು ಬುಷ್ ಹೊಂದಿಕೊಳ್ಳುವವರೆಗೆ ಬೇಗ ಸಡಿಲವಾಗುತ್ತದೆ. ಆಗ ಒಮ್ಮೆ ಸಡಿಲ ಅಳೆದು ಸರಿಪಡಿಸಿ, ಆಕ್ಸಲ್ ನಟ್ ಮತ್ತು ಸ್ಪ್ರಾಕೆಟ್ ಬೋಲ್ಟುಗಳ ಬಿಗಿ ನೋಡಿ. ಅಂದಿನ ಕಿ.ಮೀ. ಓದನ್ನೂ 20 ಪಿಚ್ಚಿನ ಅಳತೆಯನ್ನೂ ಸರ್ವೀಸ್ ಪುಸ್ತಕದಲ್ಲಿ ಬರೆದಿಟ್ಟುಕೊಳ್ಳಿ. ಮುಂದೆ ಪ್ರತಿ ಅಳತೆಯನ್ನು ಅದರ ಪಕ್ಕದಲ್ಲಿಟ್ಟು ನೋಡಬಹುದು.